‘ಔಸ್‌ಫಾರ್ಟ್’ ಎಂಬ ಊರು

ಜರ್ಮನಿಯ ಅತ್ಯಂತ ದೊಡ್ಡ ಊರು ಯಾವುದು? ಶಾಲೆಯ ಭೂಗೋಳ ಪುಸ್ತಕವನ್ನು ಕೇಳಿದರೆ ‘ಬರ್ಲಿನ್’ ಎನ್ನುತ್ತದೆ. ಆದರೆ ಆ ದೇಶದ ಹೆದ್ದಾರಿಯಲ್ಲಿ ಮೊದಲ ಬಾರಿಗೆ ಕಾರಿನಲ್ಲಿ ಕುಳಿತು ಹೋದ ಪರದೇಶದವರನ್ನು ಕೇಳಿ ನೋಡಿ. ಅವರು ಕೊಡುವ ಉತ್ತರವೇ ಬೇರೆ. ಎಲ್ಲಿ ನೋಡಿದರೂ ನೀಲಿ ಫಲಕ, ಅದರ ಮೇಲೆ ಬಿಳಿಯ ಅಕ್ಷರ, ಪಕ್ಕಕ್ಕೆ ಬಾಗಿದ ಬಾಣದ ಗುರುತು. ಹತ್ತು ಮೈಲಿ ಹೋದರೂ ಅದೇ ಹೆಸರು, ನೂರು ಮೈಲಿ ಹೋದರೂ ಅದೇ ಹೆಸರು: ಔಸ್‌ಫಾರ್ಟ್! ಇಷ್ಟು ದಾರಿಗಳು ಹೋಗಿ ಸೇರುವ ಊರು ಎಷ್ಟು ದೊಡ್ಡದಿರಬೇಡ!

ಜರ್ಮನಿಗೆ ಹೋಗಿಬಂದವರು ಹೇಳಿ ನಗಿಸುವ ಹಳೆಯ ವಿನೋದವಿದು. ಆದರೆ ನಮ್ಮ ಮನೆಯಲ್ಲಿ ಅದು ನಿಜವಾಗಿಯೇ ನಡೆಯಿತು.

ಕಾರ್ಲ್ಸ್‌ರೂಹೆ ನಗರದಲ್ಲಿ ನನ್ನ ಮಗಳೂ ಅಳಿಯಂದಿರೂ ನೆಲಸಿದ್ದಾರೆ. ನಾನೂ ನಮ್ಮ ಮನೆಯಾಕೆಯೂ ಒಂದು ಬೇಸಗೆಯನ್ನು ಅವರಲ್ಲಿ ಕಳೆದು ಬಂದೆವು. ಅಲ್ಲಿದ್ದಾಗ ಒಂದು ಭಾನುವಾರ ಟ್ಯೂಬಿಂಗೆನ್ ಎಂಬ ಊರಿಗೆ ಹೋಗಿಬರುವುದೆಂದು ನಿಶ್ಚಯವಾಯಿತು. ಕನ್ನಡಿಗರಿಗೆ ಆ ಊರು ತೀರ ಪರಸ್ಥಳವೇನಲ್ಲ. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು ೭೦,೦೦೦ ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ನಮಗೆ ಕೊಟ್ಟುಹೋದ ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್ ಅವರು ೧೯೦೩ರಲ್ಲಿ ಕಣ್ಣುಮುಚ್ಚಿದ್ದು ಅಲ್ಲಿಯೇ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ಆ ಊರಿನ ನೆಲವನ್ನೊಮ್ಮೆ ತುಳಿದು ಬರಬೇಕೆಂಬ ಆಸೆಯಾದದ್ದು ಸಹಜವಲ್ಲವೆ?

ಕಾರು ಹೆದ್ದಾರಿಗೆ ಏರಿ ಅರ್ಧ ಗಂಟೆ ಕಳೆದಿರಬಹುದು. ಕಿಟಕಿಯ ಬಳಿ ಕುಳಿತಿದ್ದ ನಮ್ಮಾಕೆ ಫಲಕಗಳನ್ನೇ ದಿಟ್ಟಿಸುತ್ತಿದ್ದವಳು ಕೊನೆಗೆ ತಾಳಲಾರದೆ ಕೇಳಿದಳು: “ಏನೂಂದ್ರೆ, ಈ ಆಸ್‌ಫಾರ್ಟ್ ಎಂಬ ಊರು ಇನ್ನೂ ಬರಲಿಲ್ಲವೆ? ಆಗಿನಿಂದ ಬಾಣ ಹಾಕಿ ತೋರಿಸುತ್ತಲೇ ಇದ್ದಾರಲ್ಲ!”

ಏಳು ವರ್ಷದ ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಜ್ಜೀ, ಅದು ಆಸ್‌ಫಾರ್ಟ್ ಅಲ್ಲ, ಔಸ್‌ಫಾರ್ಟ್. ಊರೂ ಅಲ್ಲ. ಆಚೆ ಹೋಗುವ ದಾರಿ!”

ಒಂದು ಪದ, ಹಲವು ಮನೆ

ಮಗು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ‘ಔಸ್’ ಎಂದರೆ ಹೊರಗೆ. ‘ಫಾರ್ಟ್’ ಎಂದರೆ ಪಯಣ, ವಾಹನದ ಓಟ. ಎರಡೂ ಸೇರಿ ಸಮಾಸವಾದರೆ ಹೊರಪಯಣ, ಅಂದರೆ ವಾಹನಗಳು ಹೊರಬೀಳುವ ದಾರಿ. ನಾವು ‘ಹೊರ’ವನ್ನೂ ‘ದಾರಿ’ಯನ್ನೂ ಕೂಡಿಸಿ ‘ಹೊರದಾರಿ’ ಎನ್ನುವ ಹಾಗೆಯೇ. ಪದಕ್ಕೆ ಪದ ಹೊಸೆದು ಹೊಸ ಪದ ಮಾಡುವುದರಲ್ಲಿ ಜರ್ಮನರು ನಮ್ಮ ಪಂಡಿತರಿಗೇನೂ ಕಡಿಮೆಯಲ್ಲ.

ಈ ‘ಫಾರ್ಟ್’ ಹುಟ್ಟಿದ್ದು ‘ಫಾರೆನ್’ ಎಂಬ ಕ್ರಿಯಾಪದದಿಂದ. ಅದರ ಸಂಸಾರ ದೊಡ್ಡದು. ರೈಲಿನ ಟಿಕೆಟ್ಟು ‘ಫಾರ್‌ಕಾರ್ಟೆ’, ಎಂದರೆ ಪಯಣದ ಚೀಟಿ. ಬೈಸಿಕಲ್ಲು ‘ಫಾರ್‌ರಾಡ್’, ಪಯಣದ ಚಕ್ರ. ಕಟ್ಟಡಗಳಲ್ಲಿ ಮೇಲೆ ಕೆಳಗೆ ಓಡಾಡುವ ಲಿಫ್ಟು ‘ಫಾರ್‌ಷ್ಟೂಲ್’, ಪಯಣದ ಕುರ್ಚಿ! ತೀರ್ಥಯಾತ್ರೆಗೆ ‘ವಾಲ್‌ಫಾರ್ಟ್’. ಇಂಗ್ಲಿಷಿನವರು ಬೀಳ್ಕೊಡುವಾಗ ಹೇಳುವ ‘ಫೇರ್‌ವೆಲ್’ ಎಂಬುದರಲ್ಲಿರುವ ‘ಫೇರ್’ ಕೂಡ ಈ ಮನೆತನದ ದಾಯಾದಿಯೇ. ‘ಸುಖವಾಗಿ ಪಯಣಿಸು’ ಎಂಬುದೇ ಅದರ ಮೂಲಾರ್ಥ.

ಹೊರಗೆ ಹೋಗುವುದೆಲ್ಲವೂ ಔಸ್‌ಫಾರ್ಟ್ ಅಲ್ಲವೆಂಬುದನ್ನು ಗಮನಿಸಬೇಕು. ಅಂಗಡಿಯಿಂದಲೋ ನಾಟಕಶಾಲೆಯಿಂದಲೋ ಕಾಲ್ನಡಿಗೆಯಲ್ಲಿ ಹೊರಬರುವ ಬಾಗಿಲಿನ ಮೇಲೆ ‘ಔಸ್‌ಗಾಂಗ್’ ಎಂದು ಬರೆದಿರುತ್ತದೆ. ‘ಗಾಂಗ್’ ಎಂದರೆ ನಡಿಗೆ. ವಾಹನಕ್ಕೆ ಒಂದು ಪದ, ಪಾದಕ್ಕೆ ಇನ್ನೊಂದು. ರೈಲ್ವೆ ನಿಲ್ದಾಣದಲ್ಲಿ ಗಾಡಿಗಳು ಹೊರಡುವ ಸಮಯವನ್ನು ತಿಳಿಸುವ ಹಳದಿ ಪಟ್ಟಿಯ ಮೇಲೆ ‘ಆಬ್‌ಫಾರ್ಟ್’ ಎಂದಿರುತ್ತದೆ. ಜನರು ಮಾತಿನಲ್ಲಿ ಹೆದ್ದಾರಿಯ ಹೊರದಾರಿಗೂ ಆಬ್‌ಫಾರ್ಟ್ ಎನ್ನುವುದುಂಟು. ಆದರೆ ಫಲಕದ ಮೇಲೆ ಕಾಣುವುದು ಔಸ್‌ಫಾರ್ಟ್. ಸರ್ಕಾರದ ಕಾಗದಪತ್ರಗಳಲ್ಲಿ ಇಡೀ ಕೂಡುದಾಣಕ್ಕೆ ‘ಆನ್‌ಷ್ಲುಸ್‌ಷ್ಟೆಲ್ಲೆ’ ಎಂಬ ಉದ್ದನೆಯ ಹೆಸರಿದೆ. ಅದು ಸಾಮಾನ್ಯರ ನಾಲಗೆಗೆ ಒಗ್ಗುವುದು ಕಷ್ಟವೇ!

ಹೆದ್ದಾರಿಯನ್ನು ಬಿಟ್ಟು ಊರೊಳಗೆ ಬಂದರೂ ಈ ಪದ ನಮ್ಮ ಬೆನ್ನು ಬಿಡುವುದಿಲ್ಲ. ಮನೆಮನೆಯ ಗೇಟಿನ ಮೇಲೂ ಅದು ಕಾಣುತ್ತದೆ: ‘ವಾಹನ ಹೊರಬರುವ ದಾರಿ, ಅಡ್ಡ ನಿಲ್ಲಿಸಬೇಡಿ’ ಎಂಬ ಎಚ್ಚರಿಕೆ. ಗಣಿಯ ಕೆಲಸಗಾರರು ಪಾಳಿ ಮುಗಿಸಿ ಭೂಗರ್ಭದಿಂದ ಮೇಲೆ ಬರುವುದಕ್ಕೂ ಔಸ್‌ಫಾರ್ಟ್ ಎನ್ನುತ್ತಾರೆ. ಹೀಗೆಯೇ ಸುಮ್ಮನೆ ಗಾಡಿ ಹತ್ತಿ ಗಾಳಿ ಸೇವನೆಗೆ ಹೋಗಿಬಂದರೆ ಅದೂ ಔಸ್‌ಫಾರ್ಟ್!

ಅಡ್ಡದಾರಿ ಇಲ್ಲದ ಹಾದಿ

ಹೊರದಾರಿಗೆ ಇಷ್ಟೊಂದು ಮಹತ್ವವೇಕೆ ಬಂತು? ಅದನ್ನು ತಿಳಿಯಬೇಕಾದರೆ ಹೆದ್ದಾರಿಯ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು. ಜರ್ಮನರು ರೈಲ್ವೆಗೆ ‘ಐಸೆನ್‌ಬಾನ್’, ಅಂದರೆ ಕಬ್ಬಿಣದ ಹಾದಿ, ಎನ್ನುತ್ತಾರೆ. ಅದೇ ಅಚ್ಚಿನಲ್ಲಿ ಮೋಟಾರು ಹೆದ್ದಾರಿಗೆ ‘ಔಟೋಬಾನ್’ ಎಂದು ಹೆಸರಿಟ್ಟರು. ರೈಲಿನ ಹಳಿಯ ಮೇಲೆ ಎತ್ತಿನ ಗಾಡಿಯೂ ಪಾದಚಾರಿಯೂ ಸಾಗಲಾಗದಂತೆ ಈ ಹಾದಿಯಲ್ಲಿಯೂ ಮೋಟಾರು ವಾಹನಗಳಲ್ಲದೆ ಬೇರೇನೂ ಸಾಗಕೂಡದು. ಮೋಟಾರು ವಾಹನವಾದರೂ ಗಂಟೆಗೆ ೬೦ ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಹೋಗುವಂತೆ ನಿರ್ಮಿತವಾದುದೇ ಆಗಿರಬೇಕು.

ಈ ರಸ್ತೆಗಳನ್ನು ಹಿಟ್ಲರನೇ ಕಂಡುಹಿಡಿದನೆಂದು ಅನೇಕರು ನಂಬಿದ್ದಾರೆ. ಅದು ಸರಿಯಲ್ಲ. ಬರ್ಲಿನ್ನಿನಲ್ಲಿ ‘ಆವುಸ್’ ಎಂಬ ಮೋಟಾರು ಹಾದಿ ೧೯೨೧ರಲ್ಲಿಯೇ ತೆರೆದಿತ್ತು. ಕೊಲೋನ್ ಮತ್ತು ಬಾನ್ ನಗರಗಳ ನಡುವೆ, ಅಡ್ಡದಾರಿಯೊಂದೂ ಇಲ್ಲದ ಸುಮಾರು ೨೦ ಕಿಲೋಮೀಟರ್ ರಸ್ತೆಯನ್ನು ೧೯೩೨ನೆಯ ಆಗಸ್ಟ್ ೬ರಂದು ಉದ್ಘಾಟಿಸಿದವರು ಆಗ ಕೊಲೋನಿನ ಮೇಯರ್ ಆಗಿದ್ದ ಕೊನ್ರಾಡ್ ಆಡೆನೌವರ್. ಮುಂದೆ ಪಶ್ಚಿಮ ಜರ್ಮನಿಯ ಮೊದಲ ಚಾನ್ಸಲರ್ ಆದವರೂ ಅವರೇ. ಹಿಟ್ಲರನು ಅಧಿಕಾರಕ್ಕೆ ಬಂದದ್ದು ಆ ಮರುವರ್ಷ. ಇಂದು ಈ ಹೆದ್ದಾರಿಗಳ ಒಟ್ಟು ಉದ್ದ ಸುಮಾರು ೧೩,೦೦೦ ಕಿಲೋಮೀಟರ್.

ಹೋಗುವ ವಾಹನಗಳಿಗೆ ಒಂದು ಪಕ್ಕ, ಬರುವ ವಾಹನಗಳಿಗೆ ಇನ್ನೊಂದು ಪಕ್ಕ, ನಡುವೆ ತಡೆ. ಚೌಕವಿಲ್ಲ, ತಿರುವಿಲ್ಲ, ಕೆಂಪು ದೀಪದ ಗೋಜಿಲ್ಲ. ಬೇರೆ ರಸ್ತೆಗಳು ಎದುರಾದರೆ ಒಂದೋ ಸೇತುವೆಯ ಮೇಲೆ, ಇಲ್ಲವೇ ಸೇತುವೆಯ ಕೆಳಗೆ ದಾಟಿಹೋಗುತ್ತವೆ. ಇಂಥ ಹಾದಿಗೆ ಒಮ್ಮೆ ಏರಿದವನು ಇಳಿಯುವುದು ಹೇಗೆ? ಗೊತ್ತುಪಡಿಸಿದ ಹೊರದಾರಿಯೊಂದೇ ಉಪಾಯ. ಕೋಟೆಯ ಗೋಡೆ ಎಷ್ಟೇ ಉದ್ದವಿರಲಿ, ಹೆಬ್ಬಾಗಿಲಿನಿಂದಲೇ ಹೊರಬರಬೇಕಲ್ಲವೆ?

ಮೂರು ಗೆರೆ, ಎರಡು ಗೆರೆ, ಒಂದು ಗೆರೆ

ಹೊರದಾರಿ ಬಂದೊಡನೆ ತಟ್ಟನೆ ಹೇಳಿದರೆ ಪ್ರಯೋಜನವಿಲ್ಲ. ಗಂಟೆಗೆ ೧೨೦ ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ ೩೩ ಮೀಟರಿಗಿಂತಲೂ ಹೆಚ್ಚು ದೂರವನ್ನು ನುಂಗುತ್ತದೆ. ಆದುದರಿಂದ ಅಲ್ಲಿ ಹೊರದಾರಿಯನ್ನು ಮದುವೆಯ ಕರೆಯೋಲೆಯಂತೆ ಮೊದಲೇ ಸಾರುತ್ತಾರೆ.

ಸಾವಿರ ಮೀಟರ್ ಇರುವಾಗ ಮೊದಲ ಫಲಕ: ಹೊರದಾರಿಯ ಹೆಸರು ಮತ್ತು ಅದರ ಸಂಖ್ಯೆ. ಐನೂರು ಮೀಟರಿನಲ್ಲಿ ಎರಡನೆಯ ಫಲಕ: ಅಲ್ಲಿಂದ ಯಾವ ಯಾವ ಊರಿಗೆ ದಾರಿಯೆಂಬ ವಿವರ. ಅನಂತರ ರಸ್ತೆಯ ಅಂಚಿನಲ್ಲಿ ಮೂರು ನೀಲಿ ಪಟ್ಟಿಗಳು ಒಂದರ ಹಿಂದೊಂದು ಬರುತ್ತವೆ. ಮುನ್ನೂರು ಮೀಟರಿನದಕ್ಕೆ ಮೂರು ಓರೆ ಗೆರೆ, ಇನ್ನೂರರದಕ್ಕೆ ಎರಡು, ನೂರರದಕ್ಕೆ ಒಂದು. ಅಕ್ಷರ ಬಾರದವನೂ ಎಣಿಸಬಹುದು! ಕೊನೆಗೆ, ರಸ್ತೆ ಕವಲೊಡೆಯುವ ಮೂಲೆಯಲ್ಲಿ, ಬಾಣದೊಡನೆ ನಮ್ಮ ಹಳೆಯ ಮಿತ್ರ: ಔಸ್‌ಫಾರ್ಟ್. ಹೆಸರು, ಸಂಖ್ಯೆ, ದಿಕ್ಕು ಎಲ್ಲವನ್ನೂ ಮೊದಲೇ ಹೇಳಿ ಮುಗಿಸಿರುವುದರಿಂದ ಆ ಕೊನೆಯ ಫಲಕಕ್ಕೆ ಉಳಿಯುವುದು ಒಂದೇ ಮಾತು. ಅದಕ್ಕಾಗಿಯೇ ಎಲ್ಲೆಡೆಯೂ ಅದೊಂದೇ ಹೆಸರು ಕಾಣುವುದು. ನಮ್ಮಾಕೆಯ ಮಹಾನಗರದ ಗುಟ್ಟು ಇಷ್ಟೇ.

ಹೊರದಾರಿಗಳಿಗೆ ಸಂಖ್ಯೆ ಕೊಡುವ ಪದ್ಧತಿ ಅಲ್ಲಿ ಬಂದದ್ದು ೧೯೯೦ರ ದಶಕದಲ್ಲಿ. ಒಂದು, ಎರಡು, ಮೂರು ಎಂದು ಸಾಲಾಗಿ ಎಣಿಸಿದ್ದಾರೆ. ನಡುವೆ ಹೊಸದೊಂದು ಹುಟ್ಟಿಕೊಂಡರೆ ಸಂಖ್ಯೆಯ ಪಕ್ಕದಲ್ಲಿ ಅಕ್ಷರ ಸೇರಿಸಿ ‘ಎ’, ‘ಬಿ’ ಎಂದು ವಿಂಗಡಿಸುತ್ತಾರೆ. ಅಮೆರಿಕದ ಬಹುತೇಕ ಸಂಸ್ಥಾನಗಳಲ್ಲಾದರೋ ಮೈಲಿಗಲ್ಲಿನ ಲೆಕ್ಕವೇ ಹೊರದಾರಿಯ ಸಂಖ್ಯೆ. ಹೆಸರೂ ದೇಶಕ್ಕೊಂದು: ಫ್ರಾನ್ಸಿನಲ್ಲಿ ‘ಸೋರ್ತಿ’, ಇಟಲಿಯಲ್ಲಿ ‘ಉಷೀತಾ’, ಸ್ಪೇನಿನಲ್ಲಿ ‘ಸಲೀದಾ’.

ಪದ ಕೇಳುತ್ತ ದಾರಿ ತಪ್ಪಿದ್ದು

ಇಷ್ಟೆಲ್ಲವನ್ನೂ ನನಗೆ ವಿವರಿಸುತ್ತಿದ್ದವರು ಕಾರು ನಡೆಸುತ್ತಿದ್ದ ಅಳಿಯಂದಿರು. ಭಾನುವಾರ ಅಲ್ಲಿ ಭಾರಿ ಲಾರಿಗಳ ಸಂಚಾರಕ್ಕೆ ನಿಷೇಧವಿರುವುದರಿಂದ ಎ ೮ ಎಂಬ ಆ ಹೆದ್ದಾರಿ ಹಗುರವಾಗಿತ್ತು. ಕಾರು ನೀರಿನ ಮೇಲೆ ಜಾರಿದಂತೆ ಓಡುತ್ತಿತ್ತು. ಫೋರ್ಟ್ಸ್‌ಹೈಮ್ ಹಿಂದೆ ಬಿತ್ತು. ಷ್ಟುಟ್‌ಗಾರ್ಟ್ ಸಮೀಪಿಸಿತು. ಡೇಗರ್ಲೋಖ್ ಎಂಬ ಹೊರದಾರಿಯಲ್ಲಿ ಇಳಿದು, ಬಿ ೨೭ ಎಂಬ ರಸ್ತೆಯನ್ನು ಹಿಡಿದು ಟ್ಯೂಬಿಂಗೆನ್ ಸೇರಬೇಕಾಗಿತ್ತು.

ನಾನು ಸುಮ್ಮನಿರಬಾರದೆ? “ಎರಡು ಹೆದ್ದಾರಿಗಳು ಕೂಡುವಲ್ಲಿ ‘ಕ್ರೊಯ್ಟ್ಸ್’ ಎಂದಿತ್ತು, ಅದಕ್ಕೂ ಮೊದಲು ಒಂದು ಕಡೆ ‘ಡ್ರೈಎಕ್’ ಎಂದಿತ್ತು. ವ್ಯತ್ಯಾಸವೇನು?” ಎಂದು ಕೇಳಿದೆ. ನಾಲ್ಕು ದಿಕ್ಕಿಗೂ ಹೆದ್ದಾರಿ ಹರಿದರೆ ಕ್ರೊಯ್ಟ್ಸ್, ಎಂದರೆ ಶಿಲುಬೆ. ಮೂರು ದಿಕ್ಕಿಗಾದರೆ ಡ್ರೈಎಕ್, ಎಂದರೆ ತ್ರಿಕೋಣ. ಅವರು ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಮೂರು ಗೆರೆಯೂ ಹೋಯಿತು, ಎರಡು ಗೆರೆಯೂ ಹೋಯಿತು. ಪದದ ಅರ್ಥ ಕೇಳುವ ಭರದಲ್ಲಿ ಪದವೇ ಹಿಂದೆ ಸರಿದುಹೋಯಿತು!

“ಅಯ್ಯೋ, ದಾಟಿಬಿಟ್ಟೆವಲ್ಲ, ಮಾವ,” ಎಂದರು ಅಳಿಯಂದಿರು.

ಹಿಂದಿರುಗಿ ನೋಡಿದೆ. ಹೊರದಾರಿ ಇನ್ನೂ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿಯೇ ಇತ್ತು. ಹಿಂದೆ ವಾಹನವೂ ಇರಲಿಲ್ಲ. “ಅಂಚಿನಲ್ಲಿ ನಿಲ್ಲಿಸಿ ಸ್ವಲ್ಪ ಹಿಂದಕ್ಕೆ ತೆಗೆದುಕೊಳ್ಳಿ, ಯಾರೂ ಬರುತ್ತಿಲ್ಲ,” ಎಂದೆ. ಊರಿನಲ್ಲಿ ಎಷ್ಟು ಬಾರಿ ಹಾಗೆ ಮಾಡಿಲ್ಲ!

ಅವರು ವೇಗವನ್ನು ಸ್ವಲ್ಪವೂ ತಗ್ಗಿಸಲಿಲ್ಲ. “ಇಲ್ಲ ಮಾವ, ಇಲ್ಲಿ ಹಿಂದಕ್ಕೆ ಎಂಬ ಮಾತೇ ಇಲ್ಲ,” ಎಂದರು. ಮಾತು ಮೃದುವಾಗಿತ್ತು, ಆದರೆ ಎಂದೂ ಕಾಣದ ಬಿಗಿ ಅದರಲ್ಲಿತ್ತು. ನನಗೆ ಕೊಂಚ ಮುಜುಗರವಾಯಿತು.

ಮರುಕ್ಷಣವೇ ಮೂರು ಕಾರುಗಳು ಬಾಣದಂತೆ ನಮ್ಮನ್ನು ದಾಟಿಹೋದವು. ಆಗ ತಾನೇ ನಾನು ಹಿಂದಿರುಗಿ ನೋಡಿದಾಗ ಅವು ಇರಲೇ ಇಲ್ಲ! ಜರ್ಮನಿಯ ಔಟೋಬಾನಿನಲ್ಲಿ ಎಲ್ಲೆಡೆಗೂ ಅನ್ವಯಿಸುವ ವೇಗಮಿತಿಯಿಲ್ಲ. ೧೩೦ ಕಿಲೋಮೀಟರ್ ಎಂಬುದು ಸಲಹೆ ಮಾತ್ರ. ಬರಿದಾಗಿ ಕಂಡ ರಸ್ತೆ ಅರೆಗಳಿಗೆಯಲ್ಲಿ ತುಂಬುತ್ತದೆ. ಅಲ್ಲಿ ನಿಂತ ಕಾರು ಬಂಡೆಗೆ ಸಮಾನ. ಹಿಂದಕ್ಕೆ ಬರುವ ಕಾರು ಎದುರಿನಿಂದ ಉರುಳಿಬರುವ ಬಂಡೆಗೆ ಸಮಾನ. ಮುಖ್ಯ ಹಾದಿಯಲ್ಲಿ ಹಿಮ್ಮುಖವಾಗಿ ಓಡಿಸಿದವರಿಗೆ ೨೦೦ ಯೂರೋ ದಂಡ ವಿಧಿಸಿ, ಒಂದು ತಿಂಗಳು ವಾಹನ ನಡೆಸದಂತೆ ತಡೆಯುತ್ತಾರೆ. ಆದರೆ ಅಳಿಯಂದಿರ ದನಿ ಬಿಗಿಯಾದದ್ದು ದಂಡಕ್ಕೆ ಹೆದರಿ ಅಲ್ಲವೆಂಬುದು ಆ ಮೂರು ಕಾರುಗಳನ್ನು ನೋಡಿದ ಮೇಲೆ ನನಗೆ ತಿಳಿಯಿತು. ಹಿಂದಿನ ಸೀಟಿನಲ್ಲಿ ಮೊಮ್ಮಗಳು ಹಾಡಿಕೊಳ್ಳುತ್ತಿದ್ದಳು.

ನಾವು ಮುಂದಿನ ಹೊರದಾರಿಯವರೆಗೆ ಹೋದೆವು. ಅದು ವಿಮಾನ ನಿಲ್ದಾಣದ್ದು. ಅಲ್ಲಿ ಇಳಿದು, ಸುತ್ತಿ ಬಳಸಿ ಬಿ ೨೭ನ್ನು ಸೇರಿದೆವು. ನೀಲಿಯ ಫಲಕಗಳು ಹೋಗಿ ಹಳದಿಯ ಫಲಕಗಳು ಬಂದವು. ಔಟೋಬಾನಿಗೆ ನೀಲಿ, ಉಳಿದ ಹೆದ್ದಾರಿಗಳಿಗೆ ಹಳದಿ ಎಂಬುದು ಅಲ್ಲಿಯ ನಿಯಮ. ಇಷ್ಟಕ್ಕೆ ನಮಗೆ ತಗಲಿದ ನಷ್ಟ ಹತ್ತು ನಿಮಿಷ, ಅಷ್ಟೇ.

ರೇಡಿಯೋ ನಡುವೆ ಬಂದ ಮಾತು

ಟ್ಯೂಬಿಂಗೆನ್ನಿನಲ್ಲಿ ನೆಕರ್ ನದಿಯ ದಂಡೆಯ ಮೇಲೆ ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದೆವು. ಕಿಟ್ಟೆಲ್ ಅವರು ನಡೆದಾಡಿದ ಊರಿನ ಏರುದಾರಿಗಳಲ್ಲಿ ನಾವೂ ಅಡ್ಡಾಡಿದೆವು. ಸಂಜೆ ಮರಳುವಾಗ ಎ ೮ರಲ್ಲಿ ಕಾರಿನ ರೇಡಿಯೋ ಹಾಡುತ್ತಿತ್ತು. ಹಾಡು ಥಟ್ಟನೆ ನಿಂತು ಒಬ್ಬರ ಗಂಭೀರ ಧ್ವನಿ ಕೇಳಿಸಿತು. ಅಳಿಯಂದಿರು ಮಾತಿಲ್ಲದೆ ಕಾರನ್ನು ಬಲಗಡೆಯ ಸಾಲಿಗೆ ತಂದು ವೇಗವನ್ನು ಇಳಿಸಿದರು. ಮಗಳು ಮುಖ ಚಿಕ್ಕದು ಮಾಡಿಕೊಂಡು, “ನಮ್ಮ ದಾರಿಯಲ್ಲೇ ಯಾರೋ ಎದುರಾಗಿ ಬರುತ್ತಿದ್ದಾರಂತೆ, ಅಪ್ಪ,” ಎಂದಳು.

ಇಂಥವರನ್ನು ಜರ್ಮನರು ‘ಗೈಸ್ಟರ್‌ಫಾರರ್’ ಎನ್ನುತ್ತಾರೆ. ‘ಭೂತಚಾಲಕ’ ಎಂದು ಅರ್ಥ ಮಾಡಬಹುದು. ಇಲ್ಲಿಯೂ ಅದೇ ‘ಫಾರೆನ್’ ಧಾತುವೇ! ಅವರು ಎಲ್ಲಿಂದ ಹುಟ್ಟಿಕೊಳ್ಳುತ್ತಾರೆ? ಮತ್ತಾವ ಕಡೆಯಿಂದಲೂ ಅಲ್ಲ, ಅನೇಕ ವೇಳೆ ಈ ಔಸ್‌ಫಾರ್ಟ್‌ನಿಂದಲೇ. ಕತ್ತಲೆಯಲ್ಲೋ ಗೊಂದಲದಲ್ಲೋ ಇಳಿಯುವ ದಾರಿಯನ್ನು ಏರುವ ದಾರಿಯೆಂದು ತಿಳಿದು ಒಬ್ಬನು ನುಗ್ಗಿದನೆಂದರೆ ಮುಗಿಯಿತು. ‘ಔಸ್’ ಎಂದರೆ ಹೊರಗೆ, ‘ಐನ್’ ಎಂದರೆ ಒಳಗೆ. ಹೊರದಾರಿ ಔಸ್‌ಫಾರ್ಟ್, ಒಳದಾರಿ ಐನ್‌ಫಾರ್ಟ್. ಒಂದು ಉಪಸರ್ಗ ಅದಲುಬದಲಾದರೆ ವ್ಯಾಕರಣದ ಪರೀಕ್ಷೆಯಲ್ಲಿ ಒಂದು ಅಂಕ ಹೋಗುತ್ತದೆ. ಅಲ್ಲಿ ಒಂದು ಸಂಸಾರವೇ ಹೋಗಬಹುದು. ಹೀಗಾಗಬಾರದೆಂದೇ ಇಳಿದಾರಿಯ ತುದಿಯಲ್ಲಿ ಬಿಳಿಯ ಪಟ್ಟಿಯುಳ್ಳ ದುಂಡನೆಯ ಕೆಂಪು ಫಲಕಗಳನ್ನು ನೆಟ್ಟಿರುತ್ತಾರೆ. ನೆರೆಯ ಆಸ್ಟ್ರಿಯದಲ್ಲಿ ಹಳದಿಯ ಮೇಲೆ ಕಪ್ಪು ಅಂಗೈಯನ್ನೇ ಚಿತ್ರಿಸಿ ‘ನಿಲ್ಲು, ತಪ್ಪು’ ಎಂದು ಬರೆದಿದ್ದಾರೆ.

ಹಲವು ನಿಮಿಷಗಳವರೆಗೆ ಕಾರಿನಲ್ಲಿ ಯಾರೂ ಮಾತನಾಡಲಿಲ್ಲ. ಎದುರಿನ ಪ್ರತಿಯೊಂದು ದೀಪವನ್ನೂ ಐದು ಜೊತೆ ಕಣ್ಣುಗಳು ನೋಡುತ್ತಿದ್ದವು. ಕೊನೆಗೆ ರೇಡಿಯೋ ಮತ್ತೆ ಮಾತನಾಡಿತು: ಅಪಾಯ ಕಳೆಯಿತು. ನಮ್ಮಾಕೆ ಕೈಮುಗಿದಳು. ಬೆಳಿಗ್ಗೆ ನಾನು ಕೊಟ್ಟ ಸಲಹೆ ನನ್ನ ನೆನಪಿಗೆ ಬಂತು. ಹಿಮ್ಮುಖವಾಗಿ ಹೋದರೂ, ಎದುರಾಗಿ ಹೋದರೂ, ಬರುವವನ ಕಣ್ಣಿಗೆ ಎರಡೂ ಒಂದೇ ಭೂತ. ಕೆಲವು ಮೀಟರುಗಳ ಮಟ್ಟಿಗೆ ನಾನೂ ಅಂಥದೊಂದು ಭೂತವಾಗಲು ಹೇಳಿದ್ದೆನಲ್ಲ!

“ಬೆಳಿಗ್ಗೆ ನಾನು ಹಾಗೆ ಹೇಳಬಾರದಾಗಿತ್ತು,” ಎಂದೆ.

“ನಾನೂ ಫಲಕ ನೋಡುವುದನ್ನು ಬಿಟ್ಟು ಮಾತಿಗೆ ನಿಲ್ಲಬಾರದಾಗಿತ್ತು, ಮಾವ,” ಎಂದು ಅಳಿಯಂದಿರು ನಕ್ಕರು.

ಹೊರಡುವುದೆಂದರೆ

ಅಂದು ರಾತ್ರಿ ನಿದ್ದೆ ಬರಲಿಲ್ಲ. ಕಿಟ್ಟೆಲ್ ಅವರ ಊರನ್ನು ನೋಡಿ ಬಂದ ಮನಸ್ಸು ಪದಗಳ ಬೆನ್ನು ಹತ್ತಿತ್ತು. ನಮ್ಮ ‘ಹೊರಡು’ ಎಂಬ ಮಾತಿನಲ್ಲಿಯೂ ‘ಹೊರ’ ಇದೆ. ಹಳಗನ್ನಡದ ‘ಪೊಱಮಡು’ ಎಂಬುದು ಇದರ ಬಂಧು. ಹೊರಬರುವುದೂ ಹೊರಡುವುದೂ, ಒಂದನ್ನು ಬಿಡುವುದೂ ಇನ್ನೊಂದನ್ನು ತೊಡಗುವುದೂ, ಕನ್ನಡಕ್ಕೆ ಒಂದೇ. ಜರ್ಮನರ ಔಸ್‌ಫಾರ್ಟ್ ಕೂಡ ಹಾಗೆಯೇ. ಹೆದ್ದಾರಿಗೆ ಅದು ಕೊನೆ, ಊರಿನ ದಾರಿಗೆ ಅದು ಮೊದಲು.

ನಮ್ಮಲ್ಲಿ ಮನೆಯಿಂದ ಹೊರಡುವಾಗ ‘ಹೋಗುತ್ತೇನೆ’ ಎನ್ನಬಾರದು, ‘ಹೋಗಿ ಬರುತ್ತೇನೆ’ ಎನ್ನಬೇಕು. ಹೆದ್ದಾರಿಯಲ್ಲಿ ಆ ಮಾತು ನಿಜವಾಗಬೇಕಾದರೆ ತಪ್ಪಿದ ಹೊರದಾರಿಯ ಆಸೆಯನ್ನು ಅಲ್ಲಿಯೇ ಬಿಡಬೇಕು. ಮುಂದೆ ಇನ್ನೊಂದು ಇದ್ದೇ ಇರುತ್ತದೆ. ಮೂರು ಗೆರೆ, ಎರಡು ಗೆರೆ, ಒಂದು ಗೆರೆ ಎಂದು ಅದೂ ನಮ್ಮನ್ನು ಕರೆಯುತ್ತದೆ. ನಷ್ಟವಾಗುವುದು ಹತ್ತು ನಿಮಿಷ ಮಾತ್ರ.

ಊರಿಗೆ ಮರಳಿದ ಮೇಲೆ ನೆರೆಯವರು ನಮ್ಮಾಕೆಯನ್ನು ಕೇಳಿದರು: “ಜರ್ಮನಿಯಲ್ಲಿ ಯಾವ ಯಾವ ಊರು ನೋಡಿದಿರಿ?”

ಅವಳು ಬೆರಳು ಮಡಿಸುತ್ತ ಹೇಳಿದಳು: “ಕಾರ್ಲ್ಸ್‌ರೂಹೆ, ಟ್ಯೂಬಿಂಗೆನ್... ಔಸ್‌ಫಾರ್ಟ್ ಎಂಬುದೊಂದು ಇದೆ ನೋಡಿ. ಅದನ್ನು ಮಾತ್ರ ನಮ್ಮ ಯಜಮಾನರ ಮಾತಿನಿಂದ ಒಂದು ಸಲ ತಪ್ಪಿಸಿಕೊಂಡೆವು!”